ಶುಭಾಶಯದ ಲಿಂಕ್‌ಗೆ ಹೆಸರು ಗೊತ್ತಾಗುವುದು ಹೇಗೆ?

ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯ ಶುಭಾಶಯ ಎಂಬ ಲಿಂಕ್ ನಿಮ್ಮ ವಾಟ್ಸ್ಆ್ಯಪ್‌ಗೆ ಬಂತು ಎಂದುಕೊಳ್ಳಿ. ಒತ್ತಿದರೆ ಗೆಳೆಯನ ಹೆಸರು ಬಣ್ಣಬಣ್ಣವಾಗಿ ಹೊಳೆಯುತ್ತದೆ. ನಿಮ್ಮ ಹೆಸರು ಬರೆದರೆ ಅದೂ ಹೊಳೆಯುತ್ತದೆ. ಲಿಂಕ್ ನಮ್ಮ ಫೋನನ್ನೇ ಓದುತ್ತಿದೆಯೇ ಎಂದು ಕೆಲವರಿಗೆ ಭಯ. ನಿಜಕ್ಕೂ ನಡೆಯುವುದೇನು ನೋಡೋಣ.

ಇಲ್ಲಿ ಕೆಲಸ ಮಾಡುವುದು ವೇರಿಯೇಬಲ್, ಅಂದರೆ ಚೀಟಿ ಅಂಟಿಸಿದ ಡಬ್ಬಿ. ಅಡುಗೆಮನೆಯಲ್ಲಿ 'ಬೇಳೆ' ಎಂದು ಬರೆದ ಡಬ್ಬಿಯಲ್ಲಿ ಇಂದು ತೊಗರಿ, ನಾಳೆ ಕಡಲೆ ಇರಬಹುದು; ಚೀಟಿ ಮಾತ್ರ ಅದೇ. ವೆಬ್ ಪುಟಗಳಿಗಾಗಿ 1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 'ಲೆಟ್' ಎಂದು ಮಾಡಿದ ಡಬ್ಬಿಯೊಳಗಿನದನ್ನು ಬದಲಿಸಬಹುದು. 'ಕಾನ್ಸ್ಟ್' ಎಂದರೆ ಒಮ್ಮೆ ಇಟ್ಟ ಮೇಲೆ ಅದರ ಜಾಗದಲ್ಲಿ ಬೇರೆಯದನ್ನು ಇಡುವಂತಿಲ್ಲ. ಡಬ್ಬಿಯ ಚೀಟಿಯನ್ನು ಕನ್ನಡದಲ್ಲೇ ಬರೆದರೂ ಬ್ರೌಸರ್ ಒಪ್ಪುತ್ತದೆ.

ಹಾಗಾದರೆ ಗೆಳೆಯನ ಹೆಸರು ಬಂದದ್ದೆಲ್ಲಿಂದ? ಲಿಂಕ್‌ನ ಬಾಲ ನೋಡಿ. ಪ್ರಶ್ನಾರ್ಥಕ ಚಿಹ್ನೆಯ ನಂತರ ಸಾಮಾನ್ಯವಾಗಿ ಆ ಹೆಸರೇ ಇರುತ್ತದೆ. ಪುಟ ಅದನ್ನು ಓದಿ ಡಬ್ಬಿಗೆ ಹಾಕಿ ತೋರಿಸುತ್ತದೆ. ಬಾಲದಲ್ಲಿನ ಹೆಸರು ತಿದ್ದಿದರೆ ಪರದೆಯ ಮೇಲಿನ ಹೆಸರೂ ಬದಲಾಗುತ್ತದೆ. ನಿಮ್ಮ ಫೋನ್‌ಬುಕ್‌ಗೂ ಇದಕ್ಕೂ ಸಂಬಂಧವಿಲ್ಲ.

ಪುಟ ಮುಚ್ಚಿದರೆ ಡಬ್ಬಿ ಮಾಯ. ಆದರೆ ಅದರೊಳಗೆ ಬಿದ್ದದ್ದನ್ನು ಅಷ್ಟರಲ್ಲೇ ಪುಟದವರ ಸರ್ವರ್‌ಗೆ ಸಾಗಿಸಲು ಒಂದೆರಡು ಸಾಲಿನ ಕೋಡ್ ಸಾಕು. ಹಾಗಾಗಿ ಶುಭಾಶಯದ ಪುಟ ಮೊಬೈಲ್ ನಂಬರ್, ಆಧಾರ್ ಅಥವಾ ಒಟಿಪಿ ಕೇಳಿದರೆ ತುಂಬಬೇಡಿ, ಮುಂದಕ್ಕೂ ಕಳುಹಿಸಬೇಡಿ.