ಜೇಡಿಮಣ್ಣಿನ ಚೀಟಿಯಿಂದ ವಿದ್ಯುತ್ ಕಾಗದಕ್ಕೆ

ವಸ್ತುಸಂಗ್ರಹಾಲಯದಲ್ಲಿ ನಮ್ಮಲ್ಲಿ ಅನೇಕರು ಚಿತ್ರವನ್ನು ನೋಡುವ ಮುನ್ನ ಅದರ ಮಗ್ಗುಲಿನ ಚೀಟಿಯನ್ನು ಓದುತ್ತೇವೆ. ಬರೆದವರು ಯಾರು, ಯಾವ ಕಾಲದ್ದು ಎಂಬುದು ತಿಳಿದ ಮೇಲೆಯೇ ನಮ್ಮ ಕಣ್ಣಿಗೆ ಧೈರ್ಯ. ಇಷ್ಟು ಉಪಕಾರ ಮಾಡುವ ಆ ಚೀಟಿಗೂ ಒಂದು ಚರಿತ್ರೆಯುಂಟು.

ಇರಾಕಿನಲ್ಲಿ ಊರ್ ಎಂಬ ಹೆಸರಿನದೇ ಒಂದು ಪ್ರಾಚೀನ ಊರಿದೆ. 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ಅದನ್ನು ಅಗೆಸುತ್ತಿದ್ದಾಗ, ಕ್ರಿ. ಪೂ. 6ನೆಯ ಶತಮಾನದ ಕಟ್ಟಡವೊಂದರಲ್ಲಿ ಬೇರೆ ಬೇರೆ ಕಾಲದ ವಸ್ತುಗಳು ಒಂದೆಡೆ ದೊರೆತವು. ಜೊತೆಗೊಂದು ಜೇಡಿಮಣ್ಣಿನ ಉರುಳೆ. ಅದರ ಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಅಮರ್-ಸಿನ್ ದೊರೆಯ ಇಟ್ಟಿಗೆ ಶಾಸನದ ನಕಲು. ಇಟ್ಟಿಗೆಗಳು ಊರಿನ ಪಾಳುಗಳಲ್ಲಿ ಸಿಕ್ಕಿದುವೆಂದೂ, ನೋಡುಗರು ಬೆರಗಾಗಲೆಂದು ತಾನು ನಕಲು ಮಾಡಿದೆನೆಂದೂ ಪುರೋಹಿತನೊಬ್ಬ ಬರೆದಿದ್ದ. ಇದೇ ಅತಿ ಹಳೆಯ ಸಂಗ್ರಹಾಲಯದ ಚೀಟಿ ಎಂಬುದು ವೂಲಿಯ ಮತ. ಒಪ್ಪದ ವಿದ್ವಾಂಸರೂ ಉಂಟು.

ಮಣ್ಣಿನ ಬಳಿಕ ಕಾಗದ ಬಂದಿತು. ಈಗ ವಿದ್ಯುತ್ ಕಾಗದ. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದ ನಿಕ್ ಶೆರಿಡನ್ ಅರ್ಧ ಕಪ್ಪು, ಅರ್ಧ ಬಿಳುಪಿನ ಪುಟ್ಟ ಗೋಲಿಗಳನ್ನು ವಿದ್ಯುತ್ತಿನಿಂದ ಹೊರಳಿಸಿ ಅಕ್ಷರ ಮೂಡಿಸಿದರು. ಮುಂದೆ ಎಂ.ಐ.ಟಿ.ಯ ಜೋಸೆಫ್ ಜೇಕಬ್ಸನ್ ಮತ್ತು ಅವರ ವಿದ್ಯಾರ್ಥಿಗಳು ಕೂದಲೆಳೆಯ ದಪ್ಪದ ಕೋಶಗಳಲ್ಲಿ ಕಪ್ಪು, ಬಿಳಿ ಕಣಗಳನ್ನು ತುಂಬಿದರು. 1997ರಲ್ಲಿ ಇ-ಇಂಕ್ ಸಂಸ್ಥೆ ಹುಟ್ಟಿತು. ವಿದ್ಯುತ್ತು ಕಣಗಳನ್ನು ಮೇಲಕ್ಕೆಳೆಯುತ್ತದೆ. ಅದನ್ನು ನಿಲ್ಲಿಸಿದರೂ ಅಕ್ಷರ ಅಳಿಯದು. ಜಲವರ್ಣದ ಚಿತ್ರಗಳೂ ಹಳೆಯ ವಸ್ತ್ರಗಳೂ ಮಾಸದಿರಲೆಂದು 50 ಲಕ್ಸ್‌ನಷ್ಟೇ ಬೆಳಕಿಡುವ ಕೋಣೆಗಳಲ್ಲಿ ಹೊಳೆಯುವ ಪರದೆ ಕಣ್ಣು ಕುಕ್ಕುತ್ತದೆ. ತಾನಾಗಿ ಬೆಳಗದ ಈ ಫಲಕಕ್ಕೆ ಆ ದೋಷವಿಲ್ಲ. ಭಾಷೆ ಬದಲಿಸುವುದೂ ತಪ್ಪು ತಿದ್ದುವುದೂ ಕ್ಷಣದ ಕೆಲಸ.

ಎಚ್ಚರ ಬೇಕಾದುದು ಇಲ್ಲಿಯೇ. ಸೈಮನ್ ಮಾರಿಸ್ ಬರೆದ ಚಿತ್ರವೊಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅದಕ್ಕಿದ್ದ ‘ನೀಗ್ರೋ ಹುಡುಗಿ’ ಎಂಬ ಹೆಸರನ್ನು 2015ರಲ್ಲಿ ‘ಬೀಸಣಿಗೆ ಹಿಡಿದ ತರುಣಿ’ ಎಂದು ತಿದ್ದಿದರು. ತಿದ್ದಿದುದು ನ್ಯಾಯವೇ. ಆದರೆ ಹಳೆಯ ಹೆಸರನ್ನು ಸಹಜವೆಂದು ಬಗೆದ ಕಾಲದ ಮನಸ್ಸೂ ಚರಿತ್ರೆಯ ಭಾಗವಲ್ಲವೇ? ಕಾಗದದ ಚೀಟಿಯಾದರೆ ಯಾವುದೋ ಕಡತದಲ್ಲಿ ಉಳಿದೀತು. ವಿದ್ಯುತ್ ಕಾಗದದ ಮೇಲೆ ಅಳಿದ ಮಾತಿಗೆ ಗುರುತೇ ಇಲ್ಲ. ಆದುದರಿಂದ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ, ಕಾರಣಗಳೊಡನೆ ಬರೆದಿಡುವುದು ಸಂಗ್ರಹಾಲಯದ ಕರ್ತವ್ಯ.

ಊರಿನ ಆ ಪುರೋಹಿತ ಎಲ್ಲಿ ಸಿಕ್ಕಿತು, ಯಾರು ಬರೆದರು ಎಂಬುದನ್ನು ಮರೆಯದೆ ಹೇಳಿದ್ದ. ಸಾಧನ ಹೊಸದಾದರೂ ಆ ಪ್ರಾಮಾಣಿಕತೆ ಹಳೆಯದೇ ಇರಲಿ.