ಕಂಬದಿಂದ ಮೀಟರಿನವರೆಗೆ: ಕೊಳವೆ, ಕೇಬಲ್‌ಗಳ ಚರಿತ್ರೆ

ಮನೆಯೊಳಗಿನ ವೈರಿಂಗ್‌ನಲ್ಲಿ ದೋಷವುಂಟಾದರೆ ಫ್ಯೂಸ್ ಕರಗುತ್ತದೆ. ಆದರೆ ಬೀದಿಯ ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ಕೇಬಲ್ ಇರುವುದು ಮನೆಯ ಫ್ಯೂಸಿಗಿಂತ ಮೊದಲು. ಅಲ್ಲಿ ಹ್ರಸ್ವಮಂಡಲವಾದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಬಳಿಯ ದೊಡ್ಡ ಫ್ಯೂಸೇ ಕರಗಬೇಕು. ಅಷ್ಟರಲ್ಲಿ ಕೇಬಲ್ ಹೊತ್ತಿಕೊಳ್ಳಬಹುದು. ಹಾಗಾಗಿ ಈ ಕೆಲವು ಮೀಟರ್ ಉದ್ದದಲ್ಲಿ ನಮ್ಮನ್ನು ಕಾಯುವುದು ಕೇಬಲಿನ ಅವಾಹಕ ಹೊದಿಕೆ ಮತ್ತು ಅದರ ಕೊಳವೆ. ಇವು ಇಂದಿನ ರೂಪಕ್ಕೆ ಬಂದ ಬಗೆಯನ್ನು ನೋಡೋಣ.

ಎಡಿಸನ್ನನ ಕೊಳವೆಗಳು

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಥಾಮಸ್ ಎಡಿಸನ್ ವಿದ್ಯುತ್ ಪೂರೈಕೆ ಆರಂಭಿಸಿದ. ಅವನ ತಂತಿಗಳು ನೆಲದಡಿ ಸಾಗಿದವು. ಸುಮಾರು 6 ಮೀಟರ್ ಉದ್ದದ ಕಬ್ಬಿಣದ ಕೊಳವೆಗಳಲ್ಲಿ ಅರ್ಧಚಂದ್ರಾಕಾರದ ತಾಮ್ರದ ಸರಳುಗಳನ್ನಿಟ್ಟು, ನಡುವಿನ ಜಾಗಕ್ಕೆ ಡಾಂಬರು, ಎಣ್ಣೆ, ಮೇಣಗಳ ಮಿಶ್ರಣವನ್ನು ತುಂಬಲಾಗಿತ್ತು. ಅದೇ ವರ್ಷ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವು ವಿದ್ಯುದ್ದೀಪಗಳಿಂದಾಗುವ ಬೆಂಕಿ ಅಪಾಯ ತಡೆಯಲು ನಿಯಮಗಳನ್ನು ಪ್ರಕಟಿಸಿತು. ವಿದ್ಯುತ್ತಿನ ಜೊತೆಗೇ ಅದರ ಭಯವೂ ಮನೆ ಸೇರಿತ್ತು!

ಎಡಿಸನ್ನನದು ನೇರ ಪ್ರವಾಹ. ಪರ್ಯಾಯ ಪ್ರವಾಹ ಬಳಕೆಗೆ ಬಂದಾಗ ಹೊಸ ತೊಡಕು ಎದುರಾಯಿತು. ಕಬ್ಬಿಣದ ಕೊಳವೆಯಲ್ಲಿ ಒಂದೇ ತಂತಿಯಿದ್ದರೆ, ಬದಲಾಗುತ್ತಿರುವ ಕಾಂತಕ್ಷೇತ್ರವು ಕೊಳವೆಯಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸಿ ಅದನ್ನು ಬಿಸಿಮಾಡುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಕೊಳವೆಯಲ್ಲಿದ್ದರೆ ಅವುಗಳ ವಿರುದ್ಧ ದಿಕ್ಕಿನ ಕ್ಷೇತ್ರಗಳು ಬಹುಮಟ್ಟಿಗೆ ರದ್ದಾಗುತ್ತವೆ. ಕಬ್ಬಿಣದ ಪೈಪಿನಲ್ಲಿ ಎರಡನ್ನೂ ಜೊತೆಯಾಗಿ ಎಳೆಯಬೇಕೆಂಬ ನಿಯಮಕ್ಕೆ ಇದೇ ಕಾರಣ.

ರಬ್ಬರಿನಿಂದ ಪಿವಿಸಿಗೆ

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರು ಬೆಳಗಿದ 1905ರ ಹೊತ್ತಿಗೆ ಮನೆ ತಂತಿಗಳ ಮುಖ್ಯ ಅವಾಹಕ ರಬ್ಬರ್. ಅದನ್ನು ಗಟ್ಟಿಗೊಳಿಸಲು ಸೇರಿಸುವ ಗಂಧಕ ತಾಮ್ರವನ್ನು ಕೆಡಿಸುತ್ತಿದ್ದುದರಿಂದ ತಂತಿಗೆ ತವರದ ಲೇಪ ಬೇಕಾಗುತ್ತಿತ್ತು. ಶಾಖ, ಬಿಸಿಲುಗಳಿಗೆ ರಬ್ಬರ್ ಒಣಗಿ ಬಿರಿಯುತ್ತಿತ್ತು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಪೆಡಸಾದ ಪಿವಿಸಿಯನ್ನು ಬಾಗುವಂತೆ ಮಾಡಿದ. ಎರಡನೆಯ ಮಹಾಯುದ್ಧದ ನಂತರ ಅದು ರಬ್ಬರಿನ ಜಾಗ ಹಿಡಿಯಿತು. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿದರೆ, 1960ರ ದಶಕದಲ್ಲಿ ಬಂದ ಎಕ್ಸ್‌ಎಲ್‌ಪಿಇ 90 ಡಿಗ್ರಿಯವರೆಗೆ ತಾಳುತ್ತದೆ.

ಅಲ್ಯೂಮಿನಿಯಂ ಕಲಿಸಿದ ಪಾಠ

ತಾಮ್ರದ ಬೆಲೆ ಏರಿದ್ದರಿಂದ 1965ರ ನಂತರ ಅಮೆರಿಕದ ಲಕ್ಷಾಂತರ ಮನೆಗಳ ಒಳಗೆ ಅಲ್ಯೂಮಿನಿಯಂ ತಂತಿ ಹಾಕಲಾಯಿತು. ಹಲವೆಡೆ ಬೆಂಕಿ ಅನಾಹುತಗಳಾದವು. ದೋಷ ಹೆಚ್ಚಾಗಿ ಕಂಡದ್ದು ಜೋಡಣೆಗಳಲ್ಲಿ. ಅಲ್ಯೂಮಿನಿಯಂ ಮೇಲ್ಮೈಯ ಆಕ್ಸೈಡ್ ಪದರ ಅವಾಹಕ. ಜೊತೆಗೆ ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸ್ಕ್ರೂ ಸಡಿಲವಾಗಿ, ರೋಧ ಹೆಚ್ಚಿ, ಶಾಖ ಏರುತ್ತದೆ. ಸರ್ವಿಸ್ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಇಂದಿಗೂ ಬಳಕೆಯಲ್ಲಿದೆ. ಆದರೆ ಅದಕ್ಕೆ ತಕ್ಕ ಲಗ್‌ಗಳು ಬೇಕು, ಗಾತ್ರವೂ ಹೆಚ್ಚಿರಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಕಂಬ 20 ಮೀಟರ್ ದೂರದಲ್ಲಿದೆ ಎನ್ನಿ. ಹೋಗಿ ಬರುವ ತಂತಿ 40 ಮೀಟರ್. 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿಯ ರೋಧ ಸುಮಾರು 0.11 ಓಮ್. 30 ಆಂಪೇರ್ ಹರಿದರೆ 3.4 ವೋಲ್ಟ್ ಇಳಿಕೆಯಾಗಿ, ಸುಮಾರು 100 ವಾಟ್ ಶಾಖವಾಗುತ್ತದೆ. ತಾಮ್ರದಲ್ಲಿ ಇದೇ ಫಲಕ್ಕೆ 6 ಚದರ ಮಿಲಿಮೀಟರ್ ಸಾಕು. ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಗೀಸರ್ ಮತ್ತು ಎ.ಸಿ. ಸೇರಿ ಪ್ರವಾಹ ಇಮ್ಮಡಿಯಾದರೆ ಅದು ನಾಲ್ಕು ಪಟ್ಟಾಗುತ್ತದೆ! ಈ ಶಾಖ ಹೊರಹೋಗಲೆಂದೇ ಕೊಳವೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಖಾಲಿ ಬಿಡಬೇಕು.

ಶಿಕ್ಷಕರು ವಿದ್ಯಾರ್ಥಿಗಳಿಗೆ ತಮ್ಮ ಮನೆಯ ಸರ್ವಿಸ್ ಪೈಪನ್ನು ನೆಲದ ಮೇಲೆ ನಿಂತೇ ಗಮನಿಸಲು ಹೇಳಬಹುದು. ಮಳೆನೀರು ಒಳಹೋಗದಂತೆ ಅದರ ಬಾಯಿ ಕೆಳಮುಖವಾಗಿದೆಯೆ? ಕೇಬಲ್ ಹೊದಿಕೆ ಬಿರಿದಿದೆಯೆ? ಸಂದೇಹವಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಬೇಕು. ಮನೆಯ ಮೇನ್ ಸ್ವಿಚ್ ಆರಿಸಿದರೂ ಆ ಕೇಬಲಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಅದನ್ನು ಮುಟ್ಟಬಾರದು.