ಆಟಿಕೆ ಕಾರು, ಕೊಳವೆಬಾವಿ ಮತ್ತು ಮೋಟಾರಿನ ಬಿಸಿ



ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರ ಮನೆಗಳಲ್ಲಿ ರಿಮೋಟ್ ಕಾರುಗಳಿವೆ. ರಜೆಗೆ ಸಂತೆಕಲ್ಲೂರಿಗೆ ಬಂದ ಮಕ್ಕಳು ಅವನ್ನು ಎರೆಹೊಲದಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿಗೇ ಮೋಟಾರು ಮುಟ್ಟಲಾಗದಷ್ಟು ಕಾಯುತ್ತದೆ. ಅದೇಕೆಂಬ ಅವರ ಪ್ರಶ್ನೆಗೂ, ಅದೇ ಹೊಲದ ಕೊಳವೆಬಾವಿಯ ಮೋಟಾರು ಸುಡುವುದಕ್ಕೂ ಉತ್ತರ ಒಂದೇ.

ಆ ಉತ್ತರವನ್ನು 1841ರಲ್ಲಿ ಜೇಮ್ಸ್ ಜೂಲ್ ಎಂಬ ಆಂಗ್ಲ ವಿಜ್ಞಾನಿ ಕೊಟ್ಟನು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹತ್ತನೆಯ ತರಗತಿಯಲ್ಲಿ ನೀವು ಬಾಯಿಪಾಠ ಮಾಡಿದ್ದು ಇದನ್ನೇ! ಸಡಿಲ ಮಣ್ಣಿನಲ್ಲಿ ಗಾಲಿ ತಿಣುಕಿದಾಗ ಮೋಟಾರಿನ ವೇಗ ಕುಗ್ಗಿ, ಅದು ಎಳೆದುಕೊಳ್ಳುವ ಪ್ರವಾಹ ಏರುತ್ತದೆ.

ಜಪಾನಿನ ತಾಮಿಯಾ ಸಂಸ್ಥೆ ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರನ್ನು, ಪೋರ್ಶೆ 934ರ ಮಾದರಿಯನ್ನು, 1976ರಲ್ಲಿ ಹೊರತಂದಿತು. ಅಂಥ ಕಾರುಗಳ ಹಳೆಯ ಬಗೆಯ ಮೋಟಾರಿನಲ್ಲಿ ಸುರುಳಿ ನಡುವೆ ತಿರುಗುತ್ತದೆ, ಕಾಂತಗಳು ಕವಚಕ್ಕೆ ಅಂಟಿರುತ್ತವೆ. ಒಳಗಿನ ಬಿಸಿ ಹೊರಬರಲು ಗಾಳಿಯ ಸಂದನ್ನು ದಾಟಬೇಕು. ಆದುದರಿಂದಲೇ ಕವಚಕ್ಕೆ ರಂಧ್ರಗಳು, ಮೇಲೆ ಅಲ್ಯೂಮಿನಿಯಂ ರೆಕ್ಕೆಗಳು, ಪಕ್ಕದಲ್ಲೊಂದು ಪುಟ್ಟ ಫ್ಯಾನು. ಬ್ರಷ್ ಇಲ್ಲದ ಹೊಸ ಮೋಟಾರುಗಳಲ್ಲಿ ಸಾಮಾನ್ಯವಾಗಿ ಸುರುಳಿ ಹೊರಗೆ, ಕಾಂತ ಒಳಗೆ. ಬಿಸಿ ಸುಲಭವಾಗಿ ಕವಚಕ್ಕೆ ಬರುತ್ತದೆ. ಆದರೂ ಸಾಧಾರಣ ದರ್ಜೆಯ ನಿಯೋಡಿಮಿಯಂ ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ.

ಇನ್ನು ಹೊಲಕ್ಕೆ ಬರೋಣ. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಸೀಮೆಯನ್ನು ಭತ್ತದ ನಾಡಾಗಿಸಿತು. ಕಾಲುವೆ ತಲುಪದ ಹೊಲಗಳಿಗೆ ಬಾವಿಯೇ ಗತಿ. ತೆರೆದ ಬಾವಿಯ ದಂಡೆಯ ಪಂಪ್‌ಸೆಟ್ಟಿಗೆ ಹಿಂಬದಿಯ ಫ್ಯಾನೇ ಉಸಿರು. ಮಳೆಗೆ ನೆನೆಯದಿರಲೆಂದು ಓಡುವ ಮೋಟಾರಿಗೆ ಗೋಣಿಚೀಲ ಹೊದಿಸುವವರ ಪ್ರೀತಿಯನ್ನು ಮೆಚ್ಚಬೇಕು, ಚೀಲವನ್ನು ತೆಗೆಯಬೇಕು.

ಕೊಳವೆಬಾವಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಟಿಫ್ಲಿಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಮೇನಿಯನ್ ಎಂಜಿನಿಯರ್ ಆರ್ಮೈಸ್ ಅರುಟ್ಯುನೋಫ್ 1920ರ ದಶಕದಲ್ಲಿ ಅಲ್ಲಿನ ತೈಲಬಾವಿಗಳಿಗಾಗಿ ಇದನ್ನು ಬಿಡಿಸಿದನು. ಮೋಟಾರು ಕೆಳಗೆ, ಪಂಪು ಮೇಲೆ. ಮೇಲೇರುವ ದ್ರವವು ಮೋಟಾರಿನ ಮೈ ಸವರಿಕೊಂಡೇ ಹೋಗಬೇಕು. ನಮ್ಮ ಸಬ್‌ಮರ್ಸಿಬಲ್ ಪಂಪುಗಳ ವಿನ್ಯಾಸವೂ ಇದೇ. ಮೋಟಾರು ಎತ್ತುವ ನೀರೇ ಅದನ್ನು ತಣಿಸುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಾಗ ರೈತನಿಗೆ ಎರಡು ಪೆಟ್ಟು ಬೀಳುವುದು ಇದರಿಂದಲೇ. ಬೆಳೆಗೆ ನೀರಿಲ್ಲ, ಮೋಟಾರಿಗೆ ತಂಪಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ನೀರಿಲ್ಲದೆ ತಿರುಗುವ ಪಂಪಿಗೆ ಭಾರ ಕಡಿಮೆ, ಪ್ರವಾಹವೂ ಕಡಿಮೆ. ಆದುದರಿಂದ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಸುಮ್ಮನಿರುತ್ತದೆ! ಪ್ರವಾಹ ಇಳಿದಾಗ ಮೋಟಾರನ್ನು ನಿಲ್ಲಿಸುವ ಡ್ರೈ ರನ್ ಸಾಧನವೇ ಬೇರೆ. ಅದು ಸ್ಟಾರ್ಟರಿನಲ್ಲಿದೆಯೇ ಎಂದು ಊರಿನಲ್ಲಿರುವ ಅಣ್ಣತಮ್ಮಂದಿರನ್ನು ಕೇಳಿ ನೋಡಿರಿ. ವೋಲ್ಟೇಜು ಕುಸಿದಾಗ ಅಥವಾ ಒಂದು ಫೇಸ್ ಹೋದಾಗ ಪ್ರವಾಹ ಏರುತ್ತದೆ, ಆಗ ರಿಲೇ ಕೆಲಸಕ್ಕೆ ಬರುತ್ತದೆ.

ಮೋಟಾರು ಹೂಳಿನಲ್ಲಿ ಹುದುಗಿದರೂ ಬಿಸಿ ಹೊರಹೋಗದು. ಸಬ್‌ಮರ್ಸಿಬಲ್ಲನ್ನು ಅಗಲವಾದ ತೆರೆದ ಬಾವಿಗೆ ಇಳಿಸಿದರೆ ನೀರು ಮೋಟಾರನ್ನು ಸವರದೆ ನೇರವಾಗಿ ಪಂಪಿಗೆ ನುಗ್ಗುತ್ತದೆ. ಅಲ್ಲಿ ಮೋಟಾರಿನ ಸುತ್ತ ಒಂದು ಕೊಳವೆ ತೊಡಿಸಿ, ಪಂಪಿನ ಬಾಯಿಯ ಮೇಲುಭಾಗದಲ್ಲಿ ಅದನ್ನು ಮುಚ್ಚಿದರೆ ನೀರು ಕೆಳಗಿನಿಂದಲೇ ಬರಬೇಕಾಗುತ್ತದೆ.